ಕಂಪನಿ ಮುಚ್ಚಿದ್ದನ್ನು ಬಿಚ್ಚುವ ವಸೀಮಾ

ಮಸ್ಕಿ ಬಸ್ ನಿಲ್ದಾಣದ ಮಗ್ಗುಲಿನ ಪುಟ್ಟ ಅಂಗಡಿಯ ಷಟರ್ ಅರ್ಧವಷ್ಟೇ ಮೇಲೆದ್ದಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ಮೊಬೈಲ್ ದುರಸ್ತಿಯ ವಸೀಮಾ ಭೂತಗನ್ನಡಿಗೆ ಕಣ್ಣು ಕೊಟ್ಟು ಕೂತಿದ್ದಾರೆ. ಎದುರಿನ ಸ್ಟೂಲಿನ ಮೇಲೆ ಸಂತೆಕಲ್ಲೂರಿನ ಗ್ಯಾನಮ್ಮ. ಇಬ್ಬರ ಚಹಾವೂ ಆರಿ ತಣ್ಣಗಾಗಿದೆ.

ಗ್ಯಾನಮ್ಮ ಉದ್ಯೋಗ ಖಾತ್ರಿ ಕೆಲಸದಲ್ಲಿ ಒಂದು ಗುಂಪಿನ ಮುಂದಾಳು. ಕೆರೆಯ ಹೂಳೆತ್ತುವ ಹೆಂಗಸರನ್ನು ನಿಲ್ಲಿಸಿ ಬೆಳಿಗ್ಗೆಯೇ ಫೋಟೊ ಹಿಡಿದು ಕಳಿಸಬೇಕು. ಫೋಟೊ ಹೋಗದಿದ್ದರೆ ಹಾಜರಿ ಇಲ್ಲ, ಅಷ್ಟೂ ಜನರ ಆ ದಿನದ ಕೂಲಿ ಮುಳುಗಿತು. ಅದೂ ಗ್ಯಾನಮ್ಮನವರ ಹೆಸರಿಗೆ ನೋಂದಾಯಿಸಿದ ಫೋನಿನಿಂದಲೇ ಹೋಗಬೇಕು. ಆ ಫೋನು ನೌಕರಿ ಹಿಡಿದ ಮಗಳು ಕೊಟ್ಟ ದುಬಾರಿ ಮಾಲು. ಅದರ ಕ್ಯಾಮೆರಾ ಒಡೆದಿತ್ತು.

ನಿನ್ನೆ ಸಂಜೆ ವಸೀಮಾ ಅದೇ ಕಂಪನಿಯ, ಅದೇ ಮಾದರಿಯ ಕೆಟ್ಟ ಫೋನಿನಿಂದ ಕ್ಯಾಮೆರಾ ತೆಗೆದು ಕೂಡಿಸಿದ್ದರು. ಚೆನ್ನಾಗಿಯೇ ನಡೆದಿತ್ತು. ರಾತ್ರಿ ಫೋನು ತಾನಾಗಿ ಅಪ್‌ಡೇಟ್ ಆಗಿದ್ದೇ ತಡ, ಇದು ನನ್ನ ಕ್ಯಾಮೆರಾ ಅಲ್ಲವೆಂದು ಹಟ ಹಿಡಿದು ಕೂತಿದೆ. ಏನು ಸೊಕ್ಕು ನೋಡಿ! ಬೇರೆ ಫೋನುಗಳಿಗೆ ಸಿಂಧನೂರಿನಲ್ಲಿ ಸಿಗುವ ಬಿಡಿಭಾಗ ತಂದು ಕೂಡಿಸಿದರೂ ಬಾಯಿ ಮುಚ್ಚಿಕೊಂಡು ನಡೆಯುತ್ತವೆ. ಇದಕ್ಕೆ ಮಾತ್ರ ಕಂಪನಿಯ ಅಪ್ಪಣೆ ಬೇಕು.

“ನೀ ಸರಿ ಆತು ಅಂದಿದ್ದಕ್ಕ ನಾ ಎಲ್ಲಾರನ್ನೂ ಕೆಲಸಕ್ಕ ಕರದೀನಿ,” ಎನ್ನುತ್ತಾರೆ ಗ್ಯಾನಮ್ಮ. “ಈಗ ಅವ್ರ ಮುಂದ ಯಾವ ಮುಖ ಹೊತ್ತು ನಿಂದರ್ಲಿ?”

ವಸೀಮಾ ಒಡೆದ ಹಳೆಯ ಕ್ಯಾಮೆರಾ ಕೇಳುತ್ತಾರೆ. ತೆಗೆದ ಬಿಡಿಭಾಗವನ್ನು ಗಿರಾಕಿಗೇ ವಾಪಸು ಕೊಡುವುದು ಅವರ ಅಂಗಡಿಯ ರಿವಾಜು. ಗ್ಯಾನಮ್ಮ ಸೆರಗಿನ ಗಂಟು ಬಿಚ್ಚಿ ಅದನ್ನು ಕೈಗಿಡುತ್ತಾರೆ. ಅದರ ಬೆನ್ನಿಗೆ ಎಳ್ಳುಕಾಳಿನಷ್ಟು ಚಿಪ್ ಇದೆ, ಫೋನು ಗುರುತು ಹಿಡಿಯುವುದು ಅದನ್ನೇ. ಅದನ್ನು ಕಿತ್ತು ಬದಲಿ ಕ್ಯಾಮೆರಾದ ಮೇಲೆ ಬೆಸೆಯಬೇಕು. ಬಿಸಿ ತುಸು ಹೆಚ್ಚಾದರೆ ಸುಟ್ಟೇ ಹೋಯಿತು, ಮತ್ತೊಂದು ಸಿಗುವುದಿಲ್ಲ. ವಸೀಮಾಗೆ ಹೆದರಿಕೆಯಾಗುತ್ತಿದೆ. ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಚಿಮಟ ಊರುತ್ತಾರೆ.

ಹೊರಗೆ ಗ್ಯಾನಮ್ಮನವರನ್ನು ಕೆರೆಗೆ ಒಯ್ಯಲು ಕಾದಿರುವ ಆಟೊದವನು ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಾನೆ. ಚಿಪ್ ಬೆಸೆದ ಕ್ಯಾಮೆರಾ ಕೂಡಿಸಿದ ಮೇಲೆ, ಕಪ್ಪಾಗಿದ್ದ ಪರದೆಯಲ್ಲಿ ಮೊದಲು ಮಸುಕು ಬೆಳಕು, ಆಮೇಲೆ ಗ್ಯಾನಮ್ಮನವರ ಗಾಬರಿಯ ಮುಖ ಮೂಡುತ್ತದೆ. ಅವರು ಫೋನು ಕಸಿದುಕೊಂಡು ಆಟೊ ಹತ್ತುತ್ತಾರೆ.

ಕೆರೆಯಿಂದ ಹಾಜರಿ ಹೋದ ಸುದ್ದಿ ಬರುವವರೆಗೂ ವಸೀಮಾ ಬೇರೆ ಫೋನು ಮುಟ್ಟುವುದಿಲ್ಲ. ರೇಡಿಯೊ ರಿಪೇರಿ ಮಾಡುತ್ತಿದ್ದ ತಂದೆ ಮಹಮ್ಮದಸಾಬರ ಮಗ್ಗುಲಲ್ಲಿ ಕೂತು ಬೆಸುಗೆ ಕಲಿತವರು ಇವರು. ಫೋನ್ ಕಂಪನಿಯವರಿಂದ ನಿಮಗೇನಾಗಬೇಕು ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ.

“ಆಗಿನ ರೇಡಿಯೊದಾಗ ಕಂಪ್ನಿಯವ್ರ ಒಳಗ ಸರ್ಕೀಟಿನ ನಕ್ಷಾ ಅಂಟಿಸಿ ಕೊಡತಿದ್ರರಿ. ಇವ್ರೂ ಅಷ್ಟ ಕೊಡ್ಲಿ. ಉಳಿದದ್ದು ನನ್ನ ಕೈಗೆ ಬಿಡ್ಲಿ.”