ಉಸಿರಿಲ್ಲದ ಕ್ಲಾರಿನೆಟ್

ಟಕ್, ಟಕ್, ಟಕ್. ಕ್ಲಾರಿನೆಟ್ಟಿನ ಕೀಗಳ ಮೇಲೆ ಬೆರಳು ಬೀಳುವ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಮೈದಾನದಲ್ಲೊಂದು ಡಾಗ್ ಶೋ ನಡೆದಿತ್ತು. ನನ್ನ ಲ್ಯಾಬ್ರಡಾರ್ ರೋಸಿ ‘ಸಿಟ್’, ‘ಸ್ಟೇ’ ಎಲ್ಲವನ್ನೂ ನೀಟಾಗಿ ಮುಗಿಸಿ ನೆರಳಲ್ಲಿ ಮಲಗಿದ್ದಳು. ಲಾಸ್ಟ್ ಐಟಂ, ಸಂಗೀತಕ್ಕೆ ನಾಯಿಯ ಹೆಜ್ಜೆ. ಪಾಂಡವಪುರದ ಮದುವೆ ಬ್ಯಾಂಡಿನ ಪುಟ್ಟಸ್ವಾಮಿಯವರು ತಮ್ಮ ಬೀದಿನಾಯಿ ರಾಣಿಯನ್ನು ಕರೆದುಕೊಂಡು ಬಂದರು. ದಿಬ್ಬಣಗಳ ಜೊತೆ ನಡೆದೂ ನಡೆದೂ ಕಲಿತ ನಾಯಿ ಅದು.

ಎರಡು ಸ್ವರ ಊದುವಷ್ಟರಲ್ಲಿ ಅವರಿಗೆ ಕೆಮ್ಮು ಒತ್ತರಿಸಿ ಬಂತು. “ಸಾಕು ಬುಡಿ, ಡಾಕ್ಟ್ರು ಊದ್ಬ್ಯಾಡಿ ಅಂದಿಲ್ವಾ?” ಎಂದು ಹೆಂಡತಿ ಓಡಿ ಬಂದರು.

“ಸುಮ್ಕಿರಮ್ಮಿ. ಇದೊಂದ್ಸಲ ಜನ ಇವಳನ್ನ ನೋಡ್ಲಿ. ಉಸ್ರು ಓಗಿರಾದು ನಂದು, ಅವಳ್ದಲ್ಲ.”

ಮತ್ತೆ ಅವರು ಊದಲಿಲ್ಲ. ಬರೀ ಬೆರಳಾಡಿಸಿದರು. ಆ ಟಕ್ ಟಕ್‌ಗೆ ರಾಣಿ ಮೆಲ್ಲನೆ ಕಾಲೆತ್ತಿಟ್ಟಳು, ಅವರ ಸುತ್ತ ಒಂದು ಸುತ್ತು ಬಂದಳು, ಹಿಂದಕ್ಕೆ ಹೆಜ್ಜೆ ಹಾಕಿದಳು. ಹೆಣ್ಣಿನ ಮನೆ ಬಾಗಿಲಲ್ಲಿ ಆರತಿಗೆಂದು ದಿಬ್ಬಣ ನಿಲ್ಲುತ್ತದಲ್ಲ, ಬೆರಳು ಹಾಡಿನ ಆ ಜಾಗಕ್ಕೆ ಬಂದಾಗ ಕುಳಿತು ತಲೆಯೆತ್ತಿ ಅವರನ್ನೇ ನೋಡಿದಳು. ನಾಲ್ಕು ಜನರೆದುರು ಅಳಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಆದರೂ ನನ್ನ ಕರ್ಚೀಫ್ ಒದ್ದೆಯಾಗಿತ್ತು.

ಅವರನ್ನು ಕೊನೆಯ ಸಲ ಕಂಡದ್ದು ಅದೇ ಸಂಜೆ, ಬಸ್ ಸ್ಟ್ಯಾಂಡಿನಲ್ಲಿ. ಮಡಿಲಲ್ಲಿ ಮುಚ್ಚಿದ ಕ್ಲಾರಿನೆಟ್ ಪೆಟ್ಟಿಗೆ, ಅದರ ಮೇಲೆ ಸುಮ್ಮನೆ ಆಡುತ್ತಿದ್ದ ಬೆರಳುಗಳು. ಕಾಲಬಳಿ ರಾಣಿ ಕಣ್ಮುಚ್ಚಿ ಮಲಗಿದ್ದಳು, ಕಿವಿ ಮಾತ್ರ ನಿಮಿರಿತ್ತು.