ತಾಳದ ಮೇಲೆ ತಾಳ
ಫ್ರಾನ್ಸಿನ ಅಲೆಮಾರಿ ಮನೂಷರ ಬಿಡಾರದಲ್ಲಿ ಫೆರ್ರೆ ಗಿಟಾರ್ ಹಿಡಿದನೆಂದರೆ, ಗಾಡಿಮನೆಯ ಮೆಟ್ಟಿಲ ಮೇಲೆ ಆಲೂಗಡ್ಡೆ ಹೆರೆಯುವ ಹೆಂಡತಿ ಡಲ್ಲಿಯ ಚಾಕುವೂ ತಾಳಕ್ಕೆ ಬೀಳುತ್ತದೆ. ಕಟ್ಟಿಹಾಕಿದ ನಾಯಿಗಳು ಬಾಲ ಬೀಸುವುದೂ ಅವನ ಬಲಗೈ ಬಡಿತಕ್ಕೆ ಸರಿಯಾಗಿಯೇ. ಆತುರದಿಂದ ರಾಗ ನುಡಿಸುವವರನ್ನು ಕಂಡರೆ ಅವನಿಗಾಗದು. "ಓಡ್ಬೇಡ್ವೋ, ಬಸ್ ಹಿಡೀಬೇಕಾ?" ಎಂದು ಗದರುತ್ತಾನೆ. ಆದರೆ ಅವನ ಅಭ್ಯಾಸದ ವರಸೆ ಕಂಡು ನಗದವರಿಲ್ಲ. ಫೋನಿನಲ್ಲಿ ಬರೀ ತಾಳದ ಗಿಟಾರ್ ಇರುವ ಹಿನ್ನೆಲೆ ಸಂಗೀತ ಹಾಕುತ್ತಾನೆ. ಊರವರೆಲ್ಲ ಅದರ ಮೇಲೆ ತೋಚಿದಂತೆ ರಾಗ ಹೆಣೆದರೆ, ಇವನು ಮತ್ತೆ ತಾಳವನ್ನೇ ಬಡಿಯುತ್ತಾನೆ. "ಏನ್ ಭಾವ, ಬ್ರೆಡ್ಡಿಗೆ ಬ್ರೆಡ್ಡೇ ನಂಚ್ಕೊಂಡು ತಿಂತೀಯಾ?" ಎಂದು ನಾದಿನಿಯ ಗಂಡ ಯೋರ್ಗಿ ಕೆಣಕಿದರೆ, "ಹಲ್ಲು ನಂದು, ನಿಂಗೇನೋ ನೋವು?" ಎನ್ನುತ್ತಾನೆ. ಒಂದು ದಿನ ಯೋರ್ಗಿ ತಾನೇ ಗಿಟಾರ್ ತಂದು ನಡುವೆ ರಾಗ ಎತ್ತಿದ. ಫೆರ್ರೆ ಅವನ ತಂತಿಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟ. "ಬೇಡ ಕಣೋ. ಆ ಜಾಗದಲ್ಲಿ ಒಬ್ಬ ಇದಾನೆ." ಯೋರ್ಗಿ ನಗಲಿಲ್ಲ. ಫೆರ್ರೆಯ ತಾಳಕ್ಕೆ ರಾಗ ನುಡಿಸುತ್ತಿದ್ದ ಅವನ ಸ್ವಂತ ತಮ್ಮ ಸತ್ತಾಗ ಅವನ ಗಾಡಿಮನೆಯನ್ನೂ ಗಿಟಾರನ್ನೂ ಮನೂಷರ ಪದ್ಧತಿಯಂತೆ ಫೆರ್ರೆಯೇ ಸುಟ್ಟಿದ್ದ. ಅದರಂತೆಯೇ ಸತ್ತವನ ಹೆಸರನ್ನು ಅಂದಿನಿಂದ ಯಾರೂ ಬಾಯಿಗೆ ತಂದಿಲ್ಲ. ಡಲ್ಲಿ ದಿನವೂ ನೋಡುತ್ತಾಳೆ. ಹಾಡಿನ ಎರಡನೆಯ ಸುತ್ತಿನಲ್ಲಿ ಗಂಡನ ಕೈ ತಾನಾಗಿ ತಗ್ಗುತ್ತದೆ, ಹಿಂದೆ ತಮ್ಮ ಮೆಲುದನಿಗೆ ಇಳಿದಾಗ ತಗ್ಗುತ್ತಿದ್ದಂತೆ. ಕತ್ತು ವಾಲಿಸಿ ಆಲಿಸುತ್ತಾನೆ. ಆಮೇಲೆ ಎದುರಿನ ಖಾಲಿ ಸ್ಟೂಲಿಗೆ ಮೆತ್ತಗೆ ಹೇಳುತ್ತಾನೆ: "ಓಡ್ಬೇಡ್ವೋ. ನಾನಿಲ್ಲೇ ಇದೀನಿ."