ನೀರು ತುಂಬುವ ಹಬ್ಬದಲ್ಲಿ ಹಳೆಯ ನೀರು ಬೇಡಿದ ರಾಚವ್ವ

ರಾಮದುರ್ಗದಲ್ಲಿ ನಮ್ಮ ಓಣಿಯ ತುದಿಗೆ ರಾಚವ್ವನ ಖಾನಾವಳಿ ಇದೆ. ಅದಕ್ಕೆ ಬೋರ್ಡು ಇಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದ ಕಡೆಗೆ ನಡೆದರೆ ಸಾಕು, ಅಲ್ಲಿಗೇ ಮುಟ್ಟುತ್ತೀರಿ. ಮುನವಳ್ಳಿಯಲ್ಲಿ ಹುಟ್ಟಿ, ಈ ಊರಿಗೆ ಸೊಸೆಯಾಗಿ ಬಂದು, ಹೋದ ಬೇಸಿಗೆಯಲ್ಲಿ ತಾನೂ ಅತ್ತೆಯಾದ ಈ ಹೆಂಗಸಿಗೆ ತಿಕ್ಕುವುದು ಮತ್ತು ಉಣಿಸುವುದು ಎಂದರೆ ಪ್ರಾಣ. ಅವಳು ತಿಕ್ಕಿಟ್ಟ ತಾಟಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿಕೊಳ್ಳಬಹುದು. ಉಣ್ಣಲು ಕುಳಿತವನು ಸಾಕು ಸಾಕೆಂದು ಎರಡೂ ಕೈ ಅಡ್ಡ ಹಿಡಿದರೆ, ಆ ಕೈಗಳ ಸಂದಿಯಿಂದಲೇ ಇನ್ನೊಂದು ರೊಟ್ಟಿ ತಾಟಿಗೆ ಇಳಿಯುತ್ತದೆ.

"ನಾಚಬ್ಯಾಡೋ ಯಪ್ಪಾ! ಹೊಟ್ಟಿ ನಿಂದ, ರೊಟ್ಟಿ ನಂದ. ನಡುವ ನಿನ್ನ ಕೈದೇನ ಕೆಲಸ?"

ಖಾನಾವಳಿಯ ಎದುರಿಗೇ ಕಾಂತೇಶನ ಟೇಲರ್ ಅಂಗಡಿ. ಕಾಂತೇಶ ನನ್ನ ಕೈಯಲ್ಲಿ ಏಳನೆಯ ಇಯತ್ತೆ ಕಲಿತವನು. ಆಗ ಮನೆಗೆಲಸವನ್ನು ನಾಳೆ ತೋರಿಸುತ್ತೇನೆ ಎನ್ನುತ್ತಿದ್ದ. ಈಗ ಅಂಗಿಯನ್ನು ನಾಳೆ ಕೊಡುತ್ತೇನೆ ಎನ್ನುತ್ತಾನೆ. ಕಾಯುತ್ತ ಕುಳಿತ ಗಿರಾಕಿಗಳು ಬೇಸರಪಡಬಾರದೆಂದು ಅಂಗಡಿಯಲ್ಲಿ ಒಂದು ಮೀನಿನ ತೊಟ್ಟಿ ಇಟ್ಟಿದ್ದಾನೆ. ತಂದಾಗಿನಿಂದ ಅದನ್ನು ಅವನು ತೊಳೆದುದನ್ನು ಕಂಡವರಿಲ್ಲ. ಗಾಜೆಲ್ಲ ಹಸಿರು. ಒಳಗೆ ಮೀನುಗಳಿವೆ ಎಂಬುದನ್ನು ಅವನ ಮಾತಿನ ಮೇಲೆಯೇ ನಂಬಬೇಕು.

ರಾಚವ್ವ ದಿನಕ್ಕೊಮ್ಮೆಯಾದರೂ ತನ್ನ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: "ಏ ಕಾಂತೇಶಾ, ಅದರಾಗ ಕಬ್ಬಾದ್ರೂ ಹಚ್ಚೋ! ವರ್ಷಕ್ಕೊಂದ ಬೆಳಿ ಬರತೈತಿ!"

"ನಾಳೆ ತೊಳಿತೇನಿ ಬಿಡ್ರಿ ಅಕ್ಕಾ," ಎಂದು ಅವನು ತಲೆಯೆತ್ತದೆ ಹೊಲಿಯುತ್ತಿದ್ದ.

ಹೋದ ಬೇಸಿಗೆಯಲ್ಲಿ ರಾಚವ್ವನ ಮಗ ಯುವರಾಜನಿಗೆ ಕಿತ್ತೂರಿನ ಅನ್ನಪೂರ್ಣಾಳನ್ನು ತಂದರು. ತವರಿನ ಸಾಮಾನೆಲ್ಲ ಟೆಂಪೋದಲ್ಲಿ ಬಂದರೆ, ಹುಡುಗಿ ಮಾತ್ರ ಮುಂದಿನ ಸೀಟಿನಲ್ಲಿ ಮುಚ್ಚಳದ ಬಕೀಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬಕೀಟಿನಲ್ಲಿ ಅವಳು ಕಾಲೇಜಿನ ದಿನಗಳಿಂದ ಸಾಕಿದ ಕೇಸರಿ ಬಣ್ಣದ ಒಂದು ಡುಮ್ಮ ಮೀನು, ಜೊತೆಗೆ ಎರಡು ಚಿಕ್ಕವು. ಡುಮ್ಮನ ಹೆಸರು ಗುಂಡಣ್ಣ. ಗಾಜಿನ ತೊಟ್ಟಿ ಊಟದ ಪಡಸಾಲೆಯಲ್ಲಿ ಬಂದು ಕುಳಿತಿತು. ನೀರನ್ನು ಎಳೆದು ಸೋಸಿ ಬಿಡುವ ಸಣ್ಣ ಪಂಪು, ಅದರ ಬಾಯಿಗೊಂದು ಸ್ಪಂಜು. ಮರುದಿನದಿಂದಲೇ ಗಿರಾಕಿಗಳ ಚೇಷ್ಟೆ ಆರಂಭವಾಯಿತು.

"ಏನ್ರಿ ರಾಚವ್ವಾ, ಸಸ್ಯಾಹಾರಿ ಖಾನಾವಳ್ಯಾಗ ಮೀನ! ಪಲ್ಲೆ ಯಾವತ್ತ ಮಾಡ್ತೀರಿ?"

"ಹೊರಗ ನಡೀತೀಯೋ, ಸೌಟ ಹಚ್ಚಲ್ಯೋ?"

ಅನ್ನಪೂರ್ಣಾ ಮೊದಮೊದಲು ಬಹಳ ಮೌನದ ಹುಡುಗಿ. ಅತ್ತೆ ಏನು ಕೇಳಿದರೂ "ಹೂಂರಿ", "ಇಲ್ರಿ". ಆದರೆ ಮೀನಿನ ಮುಂದೆ ನಿಂತರೆ ಬಾಯಿಗೆ ಬಿಡುವಿಲ್ಲ. ರಾಚವ್ವ ಅಡುಗೆಮನೆಯಿಂದ ಕಿವಿಗೊಟ್ಟು ಕೇಳಿ ಕೇಳಿ, ಕಡೆಗೊಂದು ಮಧ್ಯಾಹ್ನ ಸೆರಗಿಗೆ ಕೈಯೊರೆಸಿಕೊಳ್ಳುತ್ತ ತೊಟ್ಟಿಯ ಹತ್ತಿರ ಬಂದು ನಿಂತಳು: "ಅಲ್ಲವ್ವಾ, ಇವ ರಾತ್ರಿ ಕಣ್ಣ ಮುಚ್ಚತಾನೋ ಇಲ್ಲೋ?" ಸೊಸೆ ನಕ್ಕಳು, ಮೀನಿಗೆ ರೆಪ್ಪೆಯೇ ಇಲ್ಲವೆಂದು ಹೇಳಿದಳು. ಅಂದಿನಿಂದ ಗಿರಾಕಿಗಳು ಹೋದ ಮೇಲೆ ಅತ್ತೆ ಸೊಸೆಯರಿಬ್ಬರೂ ತೊಟ್ಟಿಯ ಮುಂದೆ ಕುಳಿತು ಮಾತಾಡುವುದು ರೂಢಿಯಾಯಿತು. ಗುಂಡಣ್ಣನಿಂದ ಶುರುವಾದ ಮಾತು ಕಿತ್ತೂರು ಮುನವಳ್ಳಿಗಳನ್ನೆಲ್ಲ ಸುತ್ತಿ ಬರುತ್ತಿತ್ತು. ರಾಚವ್ವನಿಗೆ ಆ ಹೊತ್ತು ಎಂದರೆ ಹಬ್ಬ.

ಹೀಗಿರುವಾಗ ಮದುವೆಯ ನಂತರದ ಮೊದಲ ದೀಪಾವಳಿ ಬಂದಿತು. ಪದ್ಧತಿಯಂತೆ ಮಗನೂ ಸೊಸೆಯೂ ಕಿತ್ತೂರಿಗೆ ಹೊರಟರು. ಹೊರಡುವಾಗ ಅನ್ನಪೂರ್ಣಾ ಹೇಳಿದಳು: "ಅತ್ತಿ, ಮುಂಜಾನಿ ಒಂದ ಚಿವಟಿ ಕಾಳ ಹಾಕ್ರಿ ಸಾಕು. ಬ್ಯಾರೆ ಏನೂ ಮಾಡಬ್ಯಾಡ್ರಿ."

ಏನೂ ಮಾಡಬೇಡ ಎಂಬ ಮಾತನ್ನು ರಾಚವ್ವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅದನ್ನು ಪಾಲಿಸುವ ಬಗೆ ಅವಳಿಗೆ ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮರುದಿನವೇ ನೀರು ತುಂಬುವ ಹಬ್ಬ. ನಮ್ಮ ಕಡೆ ದೀಪಾವಳಿ ಆರಂಭವಾಗುವುದೇ ಹಾಗೆ. ಮನೆಯಲ್ಲಿನ ಹಂಡೆ, ಕೊಡ, ಹರವಿ, ಪ್ಲಾಸ್ಟಿಕ್ ಬ್ಯಾರಲ್ಲು, ಏನೇ ಇರಲಿ, ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಹುಣಸೆಹಣ್ಣು ಬೂದಿಗಳಿಂದ ಫಳಫಳ ತಿಕ್ಕಿ, ಸುಣ್ಣ ಕೆಮ್ಮಣ್ಣುಗಳ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಸಂಜೆಗೆ ಹೊಸ ನೀರು ತುಂಬುತ್ತಾರೆ. ರಾಚವ್ವನಂಥವಳಿಗೆ ಇದಕ್ಕಿಂತ ದೊಡ್ಡ ಹಬ್ಬ ಪಂಚಾಂಗದಲ್ಲಿ ಇಲ್ಲ. ಎಲ್ಲವನ್ನೂ ತಿಕ್ಕಿ ಮುಗಿಸಿ, ತಿಕ್ಕಲು ಇನ್ನೇನೂ ಉಳಿಯದೆ ಕೈ ಕಡಿಯತೊಡಗಿದಾಗ, ಅವಳ ಕಣ್ಣು ಮೀನಿನ ತೊಟ್ಟಿಯ ಮೇಲೆ ಬಿತ್ತು. ಸ್ಪಂಜಿನ ತುಂಬ ಕಪ್ಪು ಲೋಳೆ!

"ಅಯ್ಯ ನನ್ನ ಶಿವನ! ಹಬ್ಬದ ದಿನಾ ಅತ್ತಿ ನನ್ನ ಮೀನಿನ ಮನಿ ಒಂದ ಹೊಲಸ ಬಿಟ್ಲು ಅಂದಾಳಲ್ಲ ಸೊಸಿ!" ಎಂದು ರಾಚವ್ವ ಸೀರೆಯನ್ನು ಮೇಲಕ್ಕೆ ಸಿಗಿಸಿದಳು.

ರೊಟ್ಟಿ ಬಡಿಯಲು ಬರುವ ಮುದಕವ್ವ ನೆರವಿಗೆ ನಿಂತಳು. ಮೀನುಗಳು ಬೋಗುಣಿಗೆ ಹೋದವು. ನೀರು ಮೋರಿಗೆ ಹೋಯಿತು. ಕಲ್ಲುಗಳನ್ನು ಅಕ್ಕಿ ತೊಳೆದಂತೆ ತೊಳೆದರು. ಸ್ಪಂಜನ್ನು ಜಳಕದ ಹಂಡೆಯಲ್ಲಿ ಕೊತಕೊತ ಕುದಿಸಿ, ಹಿಂಡಿ, ಮತ್ತೆ ಕುದಿಸಿದರು; ಅದು ಅಂಗಡಿಯಿಂದ ತಂದ ದಿನದ ಹಳದಿ ಬಣ್ಣಕ್ಕೆ ತಿರುಗಿತು. ಆಗಷ್ಟೇ ಬಿಟ್ಟ ನಳದ ನೀರು, ಬ್ಲೀಚಿಂಗ್ ಔಷಧಿಯ ವಾಸನೆ ಇನ್ನೂ ಆರಿರದ ಹೊಸ ನೀರು, ತೊಟ್ಟಿಯ ಕಂಠದವರೆಗೆ ತುಂಬಿತು. ಗಾಜಿಗೆ ಕುಂಕುಮ, ಸುತ್ತಲೂ ಬಳ್ಳಿ. ಹಬ್ಬದ ದಿನ ಬರೀ ಒಂದು ಚಿವುಟು ಕಾಳು ಹಾಕಿದರೆ ಹೇಗೆಂದು ಕರಚಿಕಾಯಿಯ ಹೂರಣವೂ ಒಂದಿಷ್ಟು ಬಿತ್ತು.

"ತೊಟ್ಟಿಲದಾಗಿನ ಕೂಸ ಕಂಡಂಗ ಕಾಣಾಕತ್ತಾನ ನೋಡ ಗುಂಡಣ್ಣ," ಎಂದಳು ಮುದಕವ್ವ.

ಮರುದಿನ ಮುಂಜಾನೆ ಗುಂಡಣ್ಣ ನೀರಿನ ಮೇಲಕ್ಕೆ ಮೂತಿ ತಂದು ಪಪ್ ಪಪ್ ಎಂದು ಬಾಯಿ ತೆರೆಯುತ್ತಿದ್ದ. ಚಿಕ್ಕವೆರಡೂ ಅವನ ಪಕ್ಕದಲ್ಲಿ ಪಪ್ ಪಪ್. ಬಾಯಿ ತೆರೆದವರನ್ನು ಕಂಡರೆ ರಾಚವ್ವನಿಗೆ ತಿಳಿಯುವುದು ಒಂದೇ ಅರ್ಥ. "ಹಸಿದಾವು ಪಾಪ!" ಎಂದು ಶಂಕರಪೋಳಿ ಪುಡಿ ಮಾಡಿ ಹಾಕಿದಳು. ಅವು ತಿನ್ನಲಿಲ್ಲ. ಇನ್ನಷ್ಟು ಹಾಕಿದಳು. ಗುಂಡಣ್ಣ ಓರೆಯಾಗಿ ವಾಲಿದ. ಉಣ್ಣಲೊಲ್ಲದ ಜೀವವನ್ನು ತನ್ನ ಪಡಸಾಲೆಯಲ್ಲಿ ಮೊದಲ ಸಲ ಕಂಡ ರಾಚವ್ವ ಶಂಕರಪೋಳಿಯ ಡಬ್ಬಿಯನ್ನು ಕೆಳಗಿಟ್ಟಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಿತ್ತೂರಿನಿಂದ ಸೊಸೆಯ ವಿಡಿಯೋ ಕಾಲು!

ರಾಚವ್ವ ಫೋನನ್ನು ಹಿಡಿದುಕೊಂಡು ರಂಗೋಲಿ ತೋರಿಸಿದಳು, ಹಂಡೆ ತೋರಿಸಿದಳು, ಮುದಕವ್ವನ ಹೊಸ ಸೀರೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ತೋರಿಸಿದಳು.

"ಅತ್ತಿ, ಗುಂಡಣ್ಣನ್ನ ತೋರಸ್ರಲ್ಲ."

"ಅಂವ ಮಲಗ್ಯಾನವ್ವ."

"ಕಣ್ಣ ಮುಚ್ಚಿ ಮಲಗ್ಯಾನೇನ್ರಿ?" ಎಂದು ಸೊಸೆ ನಕ್ಕಳು. ಬೇರೆ ದಾರಿ ಇಲ್ಲದೆ ರಾಚವ್ವ ಫೋನನ್ನು ತೊಟ್ಟಿಯ ಕಡೆಗೆ ತಿರುಗಿಸಿದಳು. ಆ ಕಡೆಯ ನಗು ನಿಂತಿತು.

"ಅತ್ತಿ... ಇಷ್ಟ ಸ್ವಚ್ಛ ಯಾಕ ಐತ್ರಿ ಅದು?"

ಜನ್ಮದಲ್ಲಿ ಯಾರ ಮುಂದೆಯೂ ಸ್ವಚ್ಛತೆಗೆ ಉತ್ತರ ಕೊಟ್ಟು ಗೊತ್ತಿಲ್ಲದ ರಾಚವ್ವ ಗಳಗಳನೆ ಅತ್ತುಬಿಟ್ಟಳು. ಹಂಡೆ, ಸ್ಪಂಜು, ಹೂರಣ, ಶಂಕರಪೋಳಿ, ಎಲ್ಲವೂ ಅಳುವಿನ ನಡುವೆ ಹೊರಬಂದವು.

"ಅಳಬ್ಯಾಡ್ರಿ ಅತ್ತಿ, ಕೇಳ್ರಿ. ಮೀನು ಹೇತದ್ದು, ತಿಂದ ಬಿಟ್ಟದ್ದು ನೀರಾಗ ಇಸಾ ಆಗತೈತಿ. ಅದನ್ನ ತಿಂದ ಹಾಕೂ ಸಣ್ಣ ಜೀವ ಆ ಸ್ಪಂಜಿನ ಕರೀ ಲೋಳ್ಯಾಗ ಇರತಾವ್ರಿ. ಕಣ್ಣಿಗೆ ಕಾಣೂದಿಲ್ಲ. ಮೊಸರಿಗೆ ಹೆಪ್ಪ ಇದ್ದಂಗ."

"ಅಯ್ಯೋ, ಹೆಪ್ಪ ಕುದಿಸಿಬಿಟ್ನೆವ್ವಾ ನಾ!"

ಹೆಪ್ಪು ಎಂದೊಡನೆ ರಾಚವ್ವನಿಗೆ ಎಲ್ಲವೂ ತಿಳಿಯಿತು. ದಿನಾಲು ಹಂಡೆಗಟ್ಟಲೆ ಹಾಲಿಗೆ ಹೆಪ್ಪು ಹಾಕುವವಳು ಅವಳು. ಸೊಸೆ ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಕೇಳಿಕೊಂಡಳು: ಬಿದ್ದ ತಿನಿಸನ್ನೆಲ್ಲ ತೆಗೆಯಬೇಕು, ಒಂದು ಕಾಳನ್ನೂ ಹಾಕಬಾರದು, ಅರ್ಧ ನೀರು ತೆಗೆದು, ನಾಲ್ಕು ದಿನ ತೆರೆದಿಟ್ಟು ಔಷಧಿ ಹಾರಿಹೋದ ಹಳೆಯ ನೀರು ಹಾಕಬೇಕು. ಹೆಪ್ಪು ಎಲ್ಲಿಯಾದರೂ ಸಿಕ್ಕರೆ ಗುಂಡಣ್ಣ ಬದುಕಿಯಾನು. "ಸಾಯಂಕಾಲದ ಮಟ ಬಿಟ್ಟರ ಉಳ್ಯಾಕಿಲ್ರಿ ಅತ್ತಿ," ಎನ್ನುವಾಗ ಹುಡುಗಿಯ ದನಿ ಮೊದಲ ದಿನಗಳಂತೆ ಸಣ್ಣದಾಗಿತ್ತು. ರಾಚವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುಂಡಣ್ಣ ಹೋದರೆ ಆ ಮಧ್ಯಾಹ್ನದ ಮಾತುಗಳೂ ಹೋಗುತ್ತವೆ. ಮತ್ತೆ ಬರೀ "ಹೂಂರಿ", "ಇಲ್ರಿ".

ರಾಚವ್ವ ಕೊಡ ಹಿಡಿದು ಓಣಿಗೆ ಇಳಿದಳು. ಆದರೆ ಹಿಂದಿನ ದಿನ ನೀರು ತುಂಬುವ ಹಬ್ಬ! ಇಡೀ ರಾಮದುರ್ಗದಲ್ಲಿ ಒಂದು ಚರಿಗೆ ಹಳೆಯ ನೀರು ಉಳಿದಿರಲಿಲ್ಲ.

"ಹಳೆ ನೀರ ಐತೇನ್ರಿ? ಹಳೆ ನೀರಾ!"

"ಹಳೆ ಹಪ್ಪಳ ಐತಿ ನೋಡ ರಾಚವ್ವಾ. ಹಳೆ ನೀರ ಎಲ್ಲಿಂದ ತರೂನು?"

ಒಂದು ಮನೆಯ ಮುದುಕಿಗಂತೂ ಸಿಟ್ಟೇ ಬಂದಿತು. "ಏನಂದಿ? ನಮ್ಮ ಮನ್ಯಾಗ ಹಳೆ ನೀರ ಇರತೈತಂತ ಓಣಿತುಂಬ ಸಾರಾಕ ಬಂದೀಯೇನ? ನಿನ್ನೆನ ಚೆಲ್ಲೇನಿ! ಬಾ ಒಳಗ, ಹಂಡೇದಾಗ ಹಣಿಕಿ ಹಾಕ ನೋಡ!" ಪಾಪ, ರಾಚವ್ವ ಹಣಿಕಿ ಹಾಕಿ, ಹೊಳೆಯುವ ಹಂಡೆಯನ್ನು ಹೊಗಳಿ ಹೊರಬರಬೇಕಾಯಿತು. ದನ ಕುಡಿಯುವ ದೋಣಿಗೂ ಜನ ಸುಣ್ಣ ಹಚ್ಚಿ ಹೊಸ ನೀರು ತುಂಬಿದ್ದರು. ಬೋರಿನ ನೀರು ಸವಳು, ಹೊಳೆಯ ನೀರು ರಾಡಿ. ಹಿಂದೆ ಹಿಂದೆ ಓಡುತ್ತಿದ್ದ ಮುದಕವ್ವ ಏದುಸಿರು ಬಿಡುತ್ತ ನಿಂತಳು.

"ರಾಚೀ, ಈ ಊರಾಗ ಹಬ್ಬಾ ಮಾಡಲಾರದಂವ ಒಬ್ಬನ ಅದಾನ."

ಇಬ್ಬರೂ ಒಮ್ಮೆಲೇ ಟೇಲರ್ ಅಂಗಡಿಯ ಕಡೆಗೆ ನೋಡಿದರು.

ಅಂಗಡಿಯ ತುಂಬ ಗಿರಾಕಿಗಳು. ಹಬ್ಬದ ಅಂಗಿ ಸಿಗದೆ ಬನಿಯನ್ನಿನಲ್ಲೇ ಬಂದು ಕುಳಿತವರೂ ಇದ್ದರು. ರಾಚವ್ವ ಬಾಗಿಲಿಗೆ ಬಂದೊಡನೆ ಕಾಂತೇಶ ಹೊಲಿಗೆಯ ಯಂತ್ರದ ಹಿಂದೆ ತಗ್ಗಿದ. ಹಬ್ಬದ ಸೀರೆಯ ಜೊತೆ ತೊಡಲೆಂದು ಅವಳು ಹೊಲಿಯಕೊಟ್ಟ ಕುಬಸವೂ ಅವನ ಹತ್ತಿರವೇ ಇತ್ತು.

"ನಾಳೆ ಬರ್ರಿ ಅಕ್ಕಾ!"

"ಕುಬಸ ಸುಡ್ಲಿ ಬಿಡೋ! ನಾ ಹೆಪ್ಪ ಕೇಳಾಕ ಬಂದೇನಿ."

"ಹೆಪ್ಪ? ನನ್ನ ಅಂಗಡ್ಯಾಗ?"

ರಾಚವ್ವ ಹಸಿರು ತೊಟ್ಟಿಯ ಕಡೆಗೆ ಬೆರಳು ಮಾಡಿ, ನಡೆದುದನ್ನೆಲ್ಲ ಹೇಳಿದಳು. ಅಂಗಡಿಯಲ್ಲೆಲ್ಲ ನಗೆಯೋ ನಗೆ. ಬನಿಯನ್ನಿನವನೊಬ್ಬ ಬೆಂಚಿನಿಂದ ಜಾರಿಯೇ ಬಿದ್ದ. ಕಾಂತೇಶ ಕೊರಳಿನ ಅಳತೆಯ ಪಟ್ಟಿಯನ್ನು ಹೂವಿನ ಹಾರದಂತೆ ಸರಿಪಡಿಸಿಕೊಂಡು ಎದ್ದು ನಿಂತ.

"ಕೊಡತೇನ್ರಿ ಅಕ್ಕಾ. ಆದರ ಇವರೆಲ್ಲಾರ ಮುಂದ ಒಂದ ಮಾತ ಅನ್ರಿ. ಕಾಂತೇಶನ ತೊಟ್ಟಿ ಹೆಂಗೈತಿ?"

ರಾಚವ್ವ ಹಲ್ಲು ಕಚ್ಚಿದಳು. ಗುಂಡಣ್ಣನ ವಾಲಿದ ಮೈ ಕಣ್ಣ ಮುಂದೆ ಬಂದಿತು. "ಭಾಳ ಚಲೋ ಐತಿ."

"ಕೇಳಸಲಿಲ್ರಿ."

"ಭಾಳ ಚಲೋ ಐತಿ! ಇಂಥಾ ಚಂದ ಹೊಲಸ ಮಲಪ್ರಭಾ ದಂಡಿಮ್ಯಾಗ ಎಲ್ಲೂ ಇಲ್ಲ! ಸಾಕಾ? ಕೊಡ ಲಗೂನ, ಭಾಡ್ಯಾ!"

ಜನರು ಚಪ್ಪಾಳೆ ತಟ್ಟಿದರು. ಕಾಂತೇಶ ತೋಳು ಮಡಚಿ ತೊಟ್ಟಿಗೆ ಕೈ ಹಾಕಿ, ಅದರ ಪಂಪಿನ ಬಾಯಲ್ಲಿ ಮಣ್ಣಿನ ಹೆಂಟೆಯಂತಾಗಿದ್ದ ಸ್ಪಂಜನ್ನು ಹೊರತೆಗೆದು ಕತ್ತರಿಯಿಂದ ನಡುವೆ ಕತ್ತರಿಸಿದ. ಅವನು ಆ ಹಬ್ಬಕ್ಕೆ ಹೇಳಿದ ಹೊತ್ತಿಗೆ ಕತ್ತರಿಸಿ ಕೊಟ್ಟದ್ದು ಅದೊಂದೇ. ಅರ್ಧ ಸ್ಪಂಜು, ಕೊಡದ ತುಂಬ ಹಸಿರು ನೀರು. ಈ ಗದ್ದಲದಲ್ಲಿ ತೊಟ್ಟಿಯ ಆಳದಿಂದ ಅಂಗೈಯಗಲದ ಮೀನೊಂದು ಎದ್ದು ಬಂದು ಎಲ್ಲರನ್ನೂ ನೋಡಿ ಹೋಯಿತು. "ಅಲೇ, ಖರೇನ ಅದಾವಲ್ಲ!" ಎಂದು ಕಾಂತೇಶನೇ ಬೆರಗಾದ.

ರಾಚವ್ವ ಕೊಡವನ್ನು ನಡುವಿಗಿಟ್ಟು ಸೆರಗು ಮುಚ್ಚಿ, ಗಂಗೆಯನ್ನು ತರುವವಳಂತೆ ರಸ್ತೆ ದಾಟಿದಳು. ಮುದಕವ್ವ ಎರಡು ಕೈಯಲ್ಲಿ ಸ್ಪಂಜು ಹಿಡಿದು ಹಿಂದೆ. ಅವಳ ಹಿಂದೆ ಬನಿಯನ್ನಿನವರ ಸಾಲು. ಅತ್ತಲಿಂದ ಬಂದ ಟ್ರ್ಯಾಕ್ಟರಿನವನು ದೇವರ ಮೆರವಣಿಗೆ ಎಂದು ತಿಳಿದು ಗಾಡಿ ನಿಲ್ಲಿಸಿ ಕೈಮುಗಿದ. ಶಂಕರಪೋಳಿಯನ್ನೆಲ್ಲ ಜರಡಿಯಿಂದ ತೆಗೆದು, ಅರ್ಧ ನೀರು ಚೆಲ್ಲಿ, ಹಸಿರು ನೀರು ಹೊಯ್ದು, ಅರ್ಧ ಸ್ಪಂಜನ್ನು ಪಂಪಿನ ಬಾಯಿಗೆ ಸಿಗಿಸಿದರು. ರಾಚವ್ವ ಕನ್ನಡಿಯಂತಿದ್ದ ಗಾಜು ಮಬ್ಬಾಗುವುದನ್ನು ನೋಡಲಾರದೆ ಒಮ್ಮೆ ಕಣ್ಣು ಮುಚ್ಚಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಿಕ್ಕವೆರಡು ಕೆಳಗಿಳಿದವು. ಬಳಿಕ ಗುಂಡಣ್ಣ ಬಾಲವನ್ನೊಮ್ಮೆ ಬೀಸಿ, ನೆಟ್ಟಗಾಗಿ, ತಳದ ಕಲ್ಲುಗಳನ್ನು ಮೂಸತೊಡಗಿದ. ಪಡಸಾಲೆಯಲ್ಲಿ ಎದ್ದ ಕೂಗಿಗೆ ಪಕ್ಕದ ಮನೆಯವರು ಪಟಾಕಿಯನ್ನು ಬಿಟ್ಟು ಓಡಿಬಂದರು.

ಮುಂದಿನ ದಿನಗಳೇ ಕಠಿಣ. ಬಕೀಟಿನಲ್ಲಿ ಕಾಯಿಸಿಟ್ಟ, ಅಂದರೆ ಬಿಸಿಯಲ್ಲ, ಔಷಧಿ ಹಾರಲೆಂದು ಸುಮ್ಮನೆ ಕಾಯಲು ಇಟ್ಟ ನೀರನ್ನು ದಿನಕ್ಕಿಷ್ಟು ಬದಲಿಸುವುದು ಸುಲಭವಾಗಿತ್ತು. ಉಣ್ಣಿಸದೆ ಇರುವುದು ಆಗುತ್ತಿರಲಿಲ್ಲ. ಗುಂಡಣ್ಣ ಗಾಜಿಗೆ ಮೂತಿ ಹಚ್ಚಿ ನೋಡಿದಾಗಲೆಲ್ಲ ರಾಚವ್ವ ಅಡುಗೆಮನೆಗೆ ಓಡಿಹೋಗಿ, ಅವನ ಪಾಲಿನದನ್ನೂ ಸೇರಿಸಿ ಗಿರಾಕಿಗಳಿಗೆ ಬಡಿಸುತ್ತಿದ್ದಳು. ಆ ವಾರ ಖಾನಾವಳಿಯಿಂದ ಜನರು ಗೋಡೆ ಹಿಡಿದು ಹೊರಬರುತ್ತಿದ್ದರು.

ಅನ್ನಪೂರ್ಣಾ ಕಿತ್ತೂರಿನಿಂದ ಬಂದವಳೇ ಚೀಲವನ್ನು ಹೊಸ್ತಿಲಲ್ಲಿಟ್ಟು ತೊಟ್ಟಿಯ ಮುಂದೆ ಕುಳಿತಳು. ಗುಂಡಣ್ಣ ಅವಳ ಬೆರಳಿನ ಹಿಂದೆ ಆ ತುದಿಯಿಂದ ಈ ತುದಿಗೆ ಈಜಿದ. ರಾಚವ್ವ ಅಡುಗೆಮನೆಯ ಬಾಗಿಲಲ್ಲಿ, ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದಳು.

"ಅತ್ತಿ, ಕಾಂತೇಶಣ್ಣನ ಮುಂದ ಏನಂದ್ರಂತ? ಕಿತ್ತೂರ ಮಟ ಸುದ್ದಿ ಬಂದೈತಿ."

"ಸಾಕ ಬಿಡವ್ವ."

"ಇನ್ನೊಮ್ಮೆ ಅನ್ರಲಾ," ಎಂದು ಸೊಸೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅತ್ತೆಯೂ ನಕ್ಕಳು. ಅಂದು ಮಧ್ಯಾಹ್ನ ಅವರಿಬ್ಬರ ಮಾತು ದೀಪ ಹಚ್ಚುವವರೆಗೂ ಮುಗಿಯಲಿಲ್ಲ.

ಈಗ ಆ ಸ್ಪಂಜನ್ನು ತೊಳೆಯುವುದು ಅನ್ನಪೂರ್ಣಾಳದೇ ಕೆಲಸ. ತೊಟ್ಟಿಯ ನೀರನ್ನೇ ಬೋಗುಣಿಗೆ ತೆಗೆದುಕೊಂಡು, ಅದರಲ್ಲಿ ಮೆಲ್ಲಗೆ ಒಮ್ಮೆ ಅದುಮಿ ಎತ್ತುತ್ತಾಳೆ. ಆ ಹೊತ್ತಿಗೆ ರಾಚವ್ವ ಗೋಡೆಯ ಕಡೆಗೆ ಮುಖ ತಿರುಗಿಸಿ, ತನ್ನ ಎರಡು ಕೈಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು ಕುಳಿತಿರುತ್ತಾಳೆ.

"ಆತೇನವ್ವಾ?"

"ಆತ್ರಿ ಅತ್ತಿ. ಬೇಕಾದಷ್ಟ ಹೊಲಸ ಉಳಿಸೇನಿ."

"ಉಳಸವ್ವಾ, ಉಳಸ," ಎನ್ನುತ್ತಾಳೆ ರಾಚವ್ವ, ತಿರುಗಿ ನೋಡದೆ.

ಕುಬಸ ಇನ್ನೂ ಬಂದಿಲ್ಲ.